ಅರಮನೆ ಬಾಗಿಲಲ್ಲಿ ಬಿಟ್ಟ ಶೂ

ವಿಯೆನ್ನಾದ ಒಂದು ಅರಮನೆಯ ತೋಟ ಸುತ್ತಿ, ಒಳಗೆ ಹೋಗೋ ಮುಂಚೆ ನಾನು ಬಾಗಿಲಲ್ಲೇ ಶೂ ಬಿಚ್ಚಿಟ್ಟೆ. ಯಾರೂ ಹೇಳಿರಲಿಲ್ಲ. ಸಿಡ್ನಿ ಸೇರಿ ಹದಿನೈದು ವರ್ಷವಾದರೂ ನನ್ನದು ಮೈಸೂರಿನ ಕಾಲು. ಅದಕ್ಕೆ ಅರಮನೆ ಅಂದರೆ ಬರಿಗಾಲು, ಅಷ್ಟೇ.

ನಾಲ್ಕನೇ ಕೋಣೆಯಲ್ಲಿದ್ದಾಗ ಗಾರ್ಡ್ ಏದುಸಿರು ಬಿಡುತ್ತಾ ಬಂದು ನನ್ನ ಪಾದ ನೋಡಿದ. "ಬಾಗಿಲ ಹತ್ತಿರ ಶೂ ಬಿಟ್ಟವರು ನೀವೇನಾ?"

"ಹೌದು, ಒಂದು ಜೊತೆ."

"ಈಗ ನಲವತ್ತಾಗಿದೆ!"

ಓಡಿ ಹೋಗಿ ನೋಡಿದರೆ, ಇಲ್ಲಿಯ ರೂಲೇ ಹೀಗೆ ಅಂದುಕೊಂಡು ಹಿಂದೆ ಬಂದವರೆಲ್ಲ ನನ್ನ ಶೂ ಪಕ್ಕ ಸಾಲಾಗಿ ಬಿಟ್ಟಿದ್ದಾರೆ. "ಬಿಚ್ಚಬೇಡಿ!" ಅಂತ ಗಾರ್ಡ್ ಕೂಗಿದ. ಅವನು ಕೂಗಿದಷ್ಟೂ ಜನ ಬೈಸಿಕೊಂಡವರ ಹಾಗೆ ಇನ್ನೂ ಬೇಗ ಬೇಗ ಲೇಸ್ ಬಿಚ್ಚತೊಡಗಿದರು.

"ಅಯ್ಯೋ, ಎಂಥಾ ಕೆಲಸ ಮಾಡಿಬಿಟ್ಟೆ!" ಅಂದೆ ಜೋರಾಗಿ. ಅದನ್ನು ಕೇಳಿ, ಸಾಕ್ಸ್‌ನಲ್ಲಿ ನಿಂತಿದ್ದ ಒಬ್ಬರು ಶೂ ಕೈಯಲ್ಲಿ ಹಿಡಿದು ಹತ್ತಿರ ಬಂದರು.

"ಕನ್ನಡದವರಾ ಮೇಡಂ? ನಾವು ಮೆಲ್ಬರ್ನ್, ಕ್ಲೇಟನ್. ಶೂಗೆ ಟೋಕನ್ ಎಲ್ಲಿ ಕೊಡ್ತಾರೆ?"

"ಇಲ್ಲಿ ಟೋಕನ್ ಇಲ್ಲ ಸರ್."

ಅವರು ಚಿನ್ನದ ಚಾವಣಿಯನ್ನೊಮ್ಮೆ ನೋಡಿ, ಮರುಕದಿಂದ ತಲೆ ಆಡಿಸಿದರು.

"ಅದಕ್ಕೇ ನೋಡಿ, ಇವರ ರಾಜರು ಉಳೀಲಿಲ್ಲ."