ಹೊರಗೆ ನಿಲ್ಲುತ್ತಿದ್ದ ಓಂಕಾರಪ್ಪ ಸರ್

ಸಭೆಯ ನಡುವೆ ಓಂಕಾರಪ್ಪ ಸರ್ ಕುರ್ಚಿ ಹಿಂದಕ್ಕೆ ಸರಿಸಿ ಎದ್ದರೆಂದರೆ, ಚಿತ್ರದುರ್ಗ ಜಿಲ್ಲೆಯ ಯಾರದೋ ಅರ್ಜಿ ಬಂತು ಅಂತಲೇ ಉಳಿದವರು ತಿಳಿದುಕೊಳ್ಳುತ್ತಿದ್ದರಂತೆ. ಆರೋಗ್ಯ ಸಂಶೋಧನೆಗೆ ಸರ್ಕಾರ ಕೊಡುವ ಅನುದಾನದ ಅರ್ಜಿಗಳನ್ನು ಪರಿಶೀಲಿಸುವ ಸಮಿತಿಯಲ್ಲಿ ಅವರು ಸದಸ್ಯರು. ಬಂಧುಗಳದೋ ಶಿಷ್ಯರದೋ ಅರ್ಜಿ ಬಂದರೆ ಸದಸ್ಯರು ಹೊರಗೆ ಹೋಗಬೇಕು, ನಿಯಮ ಇಷ್ಟೇ. ಆದರೆ ಚಿಕ್ಕಜಾಜೂರಿನಲ್ಲಿ ಹುಟ್ಟಿದ ಸರ್‌ಗೆ ಹೊಸದುರ್ಗದವರೂ ಬಂಧುಗಳೇ, ಹಿರಿಯೂರಿನವರೂ ಬಂಧುಗಳೇ. ವರಾಂಡದಲ್ಲಿ ನಿಂತು ಜೇಬಿನಿಂದ ಹುರಿಗಡಲೆ ತೆಗೆದು ಬಾಯಿಗೆ ಹಾಕಿಕೊಳ್ಳುತ್ತ, ಕರೆಯುವವರೆಗೂ ಒಳಗೆ ಇಣುಕುತ್ತಿರಲಿಲ್ಲ.

ನಾನು ತುರುವನೂರಿನವಳು, ಚಿತ್ರದುರ್ಗದಲ್ಲಿ ಮಕ್ಕಳ ಡಾಕ್ಟರು. ತಿಂಗಳು ತುಂಬದೆ ಹುಟ್ಟಿದ ಕೂಸುಗಳು ನಿದ್ದೆಯಲ್ಲೇ ಉಸಿರಾಡುವುದನ್ನು ಮರೆತುಬಿಡುತ್ತವೆ. ಎಷ್ಟೋ ಸಲ ಅಂಗಾಲು ಉಜ್ಜಿದರೆ ಸಾಕು, ಮತ್ತೆ ಉಸಿರಾಡುತ್ತವೆ. ಆದರೆ ಮರೆತದ್ದು ಯಾರಿಗಾದರೂ ಗೊತ್ತಾಗಬೇಕಲ್ಲ. ಒಬ್ಬಳೇ ನರ್ಸ್ ಇರುವ ವಾರ್ಡಿನಲ್ಲಿ ಗೊತ್ತಾಗದೆ ಹೋದ ಕೂಸುಗಳನ್ನು ನಾನೇ ಬಟ್ಟೆಯಲ್ಲಿ ಸುತ್ತಿ ತಾಯಂದಿರ ಕೈಗೆ ಕೊಟ್ಟಿದ್ದೇನೆ. ಅದಕ್ಕೇ ಹೊಟ್ಟೆಗೆ ಸುತ್ತುವ, ಉಸಿರು ನಿಂತರೆ ಕೂಗುವ ಪಟ್ಟಿಯೊಂದನ್ನು ಮಾಡಿ ಅನುದಾನ ಕೇಳಿದೆ. ಆ ಸಮಿತಿಯಲ್ಲಿ ಎಳೆ ಕೂಸುಗಳ ವಿಷಯ ಚೆನ್ನಾಗಿ ಬಲ್ಲವರು ಸರ್ ಒಬ್ಬರೇ. ಅವರು ಹೊರಗೆ ಹುರಿಗಡಲೆ ತಿನ್ನುತ್ತಿದ್ದರು. ಅರ್ಜಿ ಬಿದ್ದುಹೋಯಿತು.

ಫಲಿತಾಂಶ ಬಂದ ಮೇಲೆ ಅವರೇ ನಮ್ಮ ಮನೆ ಹುಡುಕಿಕೊಂಡು ಬಂದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮುಖವನ್ನೇ ನೋಡಿರದ ನನ್ನ ವಿಷಯಕ್ಕೆ ಯಾಕೆ ಎದ್ದು ಹೋದಿರಿ ಎಂದು ಕೇಳಿಯೇಬಿಟ್ಟೆ.

“ತುರುವನೂರು ಅಂತ ಬರೆದಿತ್ತಲ್ಲಮ್ಮ. ಒಳಗೆ ಕುಂತಿದ್ರೆ ಕೊಡ್ರಿ ಅಂತಿದ್ದೆ. ಪಟ್ಟಿ ನೋಡಿ ಅಂದ್ನೋ, ಊರು ನೋಡಿ ಅಂದ್ನೋ, ನಂಗೇ ತಿಳೀತಿರಲಿಲ್ಲ.”

ಒಳಗೆ ಏನು ಮಾತಾಯಿತೆಂದು ಅವರಿಗೂ ಗೊತ್ತಿರಲಿಲ್ಲ. ಆದರೂ ಸಂಜೆಯವರೆಗೆ ಕೂತು, ಕೂಸು ಕಾಲು ಬಡಿದರೆ ಪಟ್ಟಿ ಅದನ್ನೇ ಉಸಿರು ಅಂದುಕೊಳ್ಳುವುದಿಲ್ಲವೇ ಎಂದೆಲ್ಲ ಕೇಳಿ ಕೇಳಿ ನನ್ನ ಜೀವ ತಿಂದರು. ಹೊರಡುವಾಗ ನಕ್ಕರು. “ಇನ್ಮೇಲೆ ನೀನು ನನ್ನ ಶಿಷ್ಯೆ ಕಣಮ್ಮ. ಹೊರಗೆ ಹೋಗಾಕೆ ಸರಿಯಾದ ಕಾರಣ ಸಿಕ್ತು.” ಅವರು ಕೇಳಿದ್ದಕ್ಕೆಲ್ಲ ಉತ್ತರ ಹುಡುಕಿ, ಪಟ್ಟಿ ತಿದ್ದಿ ಮತ್ತೆ ಅರ್ಜಿ ಹಾಕಿದೆ. ಆ ಸಲವೂ ಎದ್ದು ಹೋದರಂತೆ. ಆದರೆ ಅನುದಾನ ಬಂತು.

ಪಟ್ಟಿ ವಾರ್ಡಿನಲ್ಲಿ ಚೆನ್ನಾಗಿ ಕೆಲಸ ಮಾಡಿದ ಮೇಲೆ ದೊಡ್ಡ ಕಂಪನಿಯೊಂದು ಬಂದು, ತಯಾರಿಸುವ ಹಕ್ಕು ತಮಗೊಬ್ಬರಿಗೇ ಬೇಕೆಂದಿತು. ನನ್ನ ಖುಷಿಗೆ ಪಾರವಿರಲಿಲ್ಲ. ಸರ್ ಕೇಳಿದ್ದು ಒಂದೇ: “ತಗಂಡು ಬೀರುನಾಗೆ ಇಟ್ಕಂಡ್ರೆ ಏನು ಮಾಡ್ತೀಯ? ತಯಾರು ಮಾಡದಿದ್ರೆ ಹಕ್ಕು ವಾಪಸ್ ಕೊಡ್ಬೇಕು ಅಂತ ಲೈಸೆನ್ಸ್‌ನಾಗೆ ಬರೆಸು.” ಬರೆಸಲು ಹೋದೆ, ಕಂಪನಿ ಕೈಬಿಟ್ಟಿತು. ಆಮೇಲೆ ಎಷ್ಟೋ ದಿನ ಯಾರೂ ಬರಲಿಲ್ಲ. ನಾವೇ ಮಾಡಿಕೊಂಡಿದ್ದ ನಾಲ್ಕಾರು ಪಟ್ಟಿ ಸಾಲದೆ ವಾರ್ಡಿನಲ್ಲಿ ಕೂಸು ಹೋದಾಗಲೆಲ್ಲ ಸರ್‌ಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ಊಟ ಆಯಿತೇ ಎಂದು ವಿಚಾರಿಸುತ್ತಿದ್ದರು. ಕೊನೆಗೊಂದು ಸಣ್ಣ ಕಂಪನಿ ಆ ಷರತ್ತಿಗೆ ಒಪ್ಪಿತು. ಈಗ ಹೊಳಲ್ಕೆರೆ ಆಸ್ಪತ್ರೆಯ ಕೂಸುಗಳಿಗೂ ಆ ಪಟ್ಟಿ ಇದೆ. ಹೀಗಾಯಿತು ಎಂದು ಹೇಳೋಣವೆಂದರೆ ಸರ್ ಇಲ್ಲ. ಅವರಿಂದ ಬೈಸಿಕೊಂಡವರು ಇದ್ದಾರೋ ಇಲ್ಲವೋ, ಬೈಯಲು ಅವರು ಸಿಗದೆ ಕೊರಗುವವಳು ನಾನೊಬ್ಬಳು.

ಕಾರ್ಖಾನೆಯಿಂದ ಬಂದ ಮೊದಲ ಪಟ್ಟಿಯನ್ನು ಹಿರಿಯೂರಿಗೆ ಒಯ್ದಿದ್ದೆ. ಸರ್ ಅಲ್ಲಿ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಕೂಸಿನ ಪಟ್ಟಿ ಅವರ ಹೊಟ್ಟೆಗೆಲ್ಲಿ ಸಾಲಬೇಕು? ಮೇಲಿಟ್ಟು ಟವೆಲ್ಲಿನಿಂದ ಬಿಗಿಸಿಕೊಂಡರು. ಕಣ್ಣು ಮುಚ್ಚಿ ಉಸಿರು ಬಿಗಿಹಿಡಿದರು. ಪಟ್ಟಿ ಕೂಗಿತು, ಅಡುಗೆಮನೆಯಿಂದ ಮಗಳು ಓಡಿಬಂದಳು.

“ನೋಡಮ್ಮ, ನಾನು ಸುಮ್ಕಾದ್ರೂ ಇದು ಸುಮ್ಕಿರಲ್ಲ” ಎಂದು ಏದುಸಿರಿನಲ್ಲೇ ನಕ್ಕರು.

ವಾರ್ಡಿಗೆ ಬೇಕಾಗಿದ್ದ ಪಟ್ಟಿ, ಬಿಚ್ಚಿಕೊಂಡು ಬಂದೆ. ಆ ವಾರವೇ ಸರ್ ನಿದ್ದೆಯಲ್ಲಿ ಹೋದರು. ಅವರ ಮೈಮೇಲೇ ಬಿಟ್ಟು ಬರಬಾರದಿತ್ತೇ ಎಂದು ಇವತ್ತಿಗೂ ಅನ್ನಿಸುತ್ತದೆ.