ಜಿಲಾನಿಸಾಬನ ಮೊದಲ ಪ್ರಶ್ನೆ
ಜಂಬಣ್ಣ ಮಾಸ್ತರರು ತಮ್ಮ ಹಳೆಯ ಮೋಟಾರ್‌ಸೈಕಲ್ಲಿಗೆ ಇನ್ನಷ್ಟು ಬಲ ತುಂಬಿಸಲೆಂದು ಸಿಂಧನೂರಿನ ಜಿಲಾನಿಸಾಬನ ಗ್ಯಾರೇಜಿಗೆ ಮೊದಲ ಸಲ ಹೋದ ದಿನ, ಅವನು ಇಂಜಿನ್ನನ್ನು ನೋಡುವ ಮೊದಲೇ, "ಹಿಂದ ಯಾರ್ ಕುಂದರ್ತಾರ್ರೀ ಸರ?" ಎಂದು ಕೇಳಿದ. "ನಮ್ಮಾಕಿ, ವೀರಭದ್ರಮ್ಮ" ಎಂದಾಗ ಅವನ ಮುಖ ಅರಳಿತು. ಬಂದವರಿಗೆಲ್ಲ ಅವನದು ಇದೇ ಪ್ರಶ್ನೆ. ಒಬ್ಬರೇ ಹಾರಾಡುವ ಹುಡುಗರನ್ನು, "ನಿನಗ ಇದ್ದ ತಾಕತ್ತ ಭಾಳಾತು, ನಡೀಲೇ" ಎಂದು ಬಾಗಿಲಿನಿಂದಲೇ ಸಾಗಹಾಕುತ್ತಾನೆ. ಹೆಂಡತಿಯನ್ನೋ ಹಾಲಿನ ಕ್ಯಾನನ್ನೋ ಭತ್ತದ ಚೀಲವನ್ನೋ ಕೂರಿಸಿಕೊಳ್ಳುವವರಿಗೆ ಮಾತ್ರ ಸಿಲಿಂಡರ್ ಕೊರೆಸಿ, ದೊಡ್ಡ ಪಿಸ್ಟನ್ ಕೂಡಿಸಿ, ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಹಚ್ಚಿಕೊಂಡು ವೈದ್ಯನಂತೆ ಇಂಜಿನ್ನಿನ ಎದೆಬಡಿತ ಕೇಳುತ್ತಾನೆ. ಸೀಮೆಎಣ್ಣೆಯ ಸ್ಟವ್ವಿಗೆ ಗಾಲಿ ಹಚ್ಚಿಕೊಟ್ಟರೂ ಅದನ್ನು ಪಕ್ಕದೂರು ಮಸ್ಕಿಯವರೆಗೆ ಓಡಿಸಿಯಾನು ಎಂದು ಊರು ನಗುತ್ತದೆ. ಆ ಪ್ರಶ್ನೆಯ ಮೂಲವನ್ನು ಮಾಸ್ತರರಿಗೆ ಹೇಳಿದವಳು ಜಿಲಾನಿಸಾಬನ ಹೆಂಡತಿ ಇಮಾಮ್‌ಬೀ. ಅವಳ ತವರು ವಳಕಮದಿನ್ನಿ. ದಾರಿಯಲ್ಲಿ ಕಾಲುವೆಯ ಏರು ಬಂದರೆ ಗಂಡನ ಮೋಟಾರ್‌ಸೈಕಲ್ಲು ಇಬ್ಬರನ್ನು ಎಳೆಯುತ್ತಿರಲಿಲ್ಲ. ಅವಳು ವರ್ಷಗಟ್ಟಲೆ ಇಳಿದು ನಡೆದೇ ಹತ್ತಿದ್ದಳು. ಮೊಣಕಾಲು ಸೋತು ಅವಳು ತವರಿಗೆ ಹೋಗುವುದನ್ನೇ ಬಿಟ್ಟಾಗ, ಬಲ ಹೆಚ್ಚಿಸಲೆಂದು ಅವನು ಮೊದಲು ಬಿಚ್ಚಿದ ಇಂಜಿನ್ ತನ್ನದೇ. ಈಗ ಶುಕ್ರವಾರದ ನಮಾಜು ಮುಗಿದೊಡನೆ ಇಬ್ಬರೂ ಆ ದಾರಿ ಹಿಡಿಯುತ್ತಾರೆ. ಏರು ಬಂದಾಗ ಅವಳು ಹಳೆಯ ರೂಢಿಯಂತೆ ಅವನ ಹೆಗಲು ಹಿಡಿದು, "ಇಳೀಲೇನ್ರೀ?" ಎನ್ನುತ್ತಾಳೆ. "ಸುಮ್ನ ಕುಂದರು" ಎಂದು ಅವನು ಎಕ್ಸಲರೇಟರ್ ತಿರುವುತ್ತಾನೆ.