ಶಾಮಿಯಾನದ ಹಸಿರು, ಅರಿಷಿಣದ ಹಳದಿ

ಹಸಿರು ಶಾಮಿಯಾನ ಕಂಡುಹಿಡಿದವನು ಯಾರೋ, ಅವನು ಒಮ್ಮೆ ನನ್ನ ಕೈಗೆ ಸಿಗಬೇಕು. ಗದಗಿನ ಸ್ಟುಡಿಯೊ ಒಂದರಲ್ಲಿ ಮದುವೆ ಫೋಟೊಗಳ ಬಣ್ಣ ತಿದ್ದುವುದು ನನ್ನ ಕೆಲಸ. ಮಧ್ಯಾಹ್ನದ ಬಿಸಿಲು ಆ ಬಟ್ಟೆಯಿಂದ ಇಳಿದರೆ ಸಾಕು, ಮದುಮಗಳಿಂದ ಹಿಡಿದು ಸಾರಿನ ಬೋಗುಣಿಯವರೆಗೆ ಎಲ್ಲವೂ ಪಾಚಿಗಟ್ಟಿದಂತೆ ಕಾಣುತ್ತದೆ. ಆಗ ಫೋಟೊದಲ್ಲಿ ನಿಜಕ್ಕೂ ಬೆಳ್ಳಗಿರುವ ಏನನ್ನಾದರೂ, ಯಾರದೋ ಧೋತರವನ್ನೋ ತಟ್ಟೆಯಲ್ಲಿನ ಅಕ್ಕಿಯನ್ನೋ ಹುಡುಕಿ, ಕಂಪ್ಯೂಟರಿಗೆ ‘ಇದು ಬಿಳಿ’ ಎಂದು ತೋರಿಸಬೇಕು. ಉಳಿದ ಬಣ್ಣಗಳನ್ನು ಅದು ತಾನೇ ಸರಿಪಡಿಸಿಕೊಳ್ಳುತ್ತದೆ. ಸೋಮಾರಿಗಳಿಗೆಂದು ‘ಆಟೊ’ ಎಂಬ ಬಟನ್ನೂ ಇದೆ. ಅರಿಷಿಣದ ಫೋಟೊಗಳಿಗೆ ಮಾತ್ರ ಅದನ್ನು ಒತ್ತಬಾರದು. ಹಚ್ಚಿದ ಅರಿಷಿಣವನ್ನೂ ಕ್ಯಾಮೆರಾದ ತಪ್ಪೆಂದೇ ತಿಳಿದು ತೆಗೆದುಬಿಡುತ್ತದೆ ಆ ಮೂಢ ಯಂತ್ರ.

ಕಳೆದ ವರ್ಷ ನನ್ನ ಗೆಳತಿಯ ಮದುವೆಯಾಯಿತು. ಅವಳು ಲಕ್ಷ್ಮೇಶ್ವರದವಳು, ನಾನು ಬೆಟಗೇರಿಯವಳು. ಕಾಲೇಜಿನಿಂದಲೂ ಇಬ್ಬರದೂ ಒಂದೇ ಜೀವ. ನನ್ನ ಮದುವೆಯಾದ ಎರಡನೇ ವರ್ಷಕ್ಕೆ ಗಂಡ ತೀರಿಕೊಂಡ ಮೇಲೆ, ನೆಂಟರು ಶುಭಕಾರ್ಯಗಳಿಗೆ ನನ್ನನ್ನು ಕರೆಯುವುದನ್ನು ಸದ್ದಿಲ್ಲದೆ ಬಿಟ್ಟರು. ಅರಿಷಿಣ ಹಚ್ಚುವುದು ಮುತ್ತೈದೆಯರ ಕೆಲಸವಲ್ಲವೇ! ಆಗ ಇವಳೇ ನಮ್ಮ ಮನೆಗೆ ಬಂದು, “ಯಾರ ಏನರ ಅನ್ಲಿ, ನನ್ನ ಮದಿವ್ಯಾಗ ಮೊದಲ ಅರಿಷಿಣ ನೀನ ಹಚ್ಚಬೇಕ ನೋಡಲೇ,” ಎಂದಿದ್ದಳು. ಅದನ್ನು ನಾನು ನಂಬಿದ್ದೆ. ಬೇರೆ ಯಾರೂ ಕರೆಯದಿದ್ದರೂ ಬೇಸರವಾಗದಷ್ಟು ನಂಬಿದ್ದೆ.

ಮದುವೆ ಹತ್ತಿರ ಬಂದಾಗ ಫೋನ್ ಮಾಡಿದಳು. “ಅರಿಷಿಣ ಮುಂಡರಗ್ಯಾಗ, ಗಂಡಿನ ಮನ್ಯಾಗ ಐತಿ. ಮನಿ ಮಂದಿ ಅಷ್ಟ. ನೀ ಅಕ್ಕಿಕಾಳಿಗೆ ಬಾ.” ಗಂಡಿನವರು ಹೇಳಿದಂತೆ ಕೇಳಬೇಕಲ್ಲ, ಪಾಪ, ಎಂದುಕೊಂಡೆ. ಹೋಗಿ ಹಿಂದಿನ ಸಾಲಿನಿಂದ ಅಕ್ಷತೆ ಹಾಕಿ ಉಂಡು ಬಂದೆ.

ಲಕ್ಷ್ಮೇಶ್ವರದ ಫೋಟೊಗ್ರಾಫರ್ ಬಣ್ಣ ತಿದ್ದಲು ನಮ್ಮ ಸ್ಟುಡಿಯೊಗೇ ಕಳಿಸುತ್ತಾನೆಂದು ಅವಳಿಗೆ ಗೊತ್ತಿರಲಿಕ್ಕಿಲ್ಲ. ಅರಿಷಿಣದ ಮೊದಲ ಫೋಟೊ ತೆರೆದರೆ ಎಂದಿನಂತೆ ಹಸಿರೋ ಹಸಿರು, ಯಾರ ಅಂಗಳವೆಂಬುದೇ ತಿಳಿಯಲಿಲ್ಲ. ಒಬ್ಬ ಹಿರಿಯರ ಧೋತರದ ಮೇಲೆ ಒತ್ತಿದೆ. ಹಸಿರು ಇಳಿದು, ಹಿಂದಿನ ಗೋಡೆ ಬದನೆ ಹೂವಿನ ಬಣ್ಣಕ್ಕೆ ತಿರುಗಿತು. ಅದನ್ನು ನಾನು ಮರೆಯುವುದುಂಟೇ? ಹಿಂದಿನ ದೀಪಾವಳಿಗೆ ಅವಳ ತವರುಮನೆಯ ಗೋಡೆಗೆ ಆ ಬಣ್ಣ ಬಳಿದವರು ನಾವಿಬ್ಬರೇ. ಮುಂಡರಗಿಯೂ ಇಲ್ಲ, ಗಂಡಿನ ಮನೆಯೂ ಇಲ್ಲ. ಮುಂದಿನ ಫೋಟೊಗಳಲ್ಲಿ ಓಣಿಯ ಹೆಂಗಸರೆಲ್ಲ ಇದ್ದರು, ಕಾಲೇಜಿನ ಗೆಳತಿಯರೂ ಇದ್ದರು. ಒಬ್ಬೊಬ್ಬರೂ ಅವಳ ಕೆನ್ನೆಗೆ ಅರಿಷಿಣ ಸವರಿ ಹಲ್ಲು ಕಿರಿದಿದ್ದರು.

ಸಿಟ್ಟಿನಲ್ಲಿ ‘ಆಟೊ’ ಒತ್ತಿದೆ. ಮುಖದ ಅರಿಷಿಣವೆಲ್ಲ ಹೋಗಿ, ಸುಣ್ಣ ಬಳಿದುಕೊಂಡವಳಂತೆ ಕುಳಿತಳು. ತಕ್ಕ ಶಾಸ್ತಿ ಆಯಿತು ಎನ್ನಿಸಿತು. ಆದರೆ ಇದು ಅವಳು ಮಾಡಿದ್ದಲ್ಲ, ಅವಳ ಅವ್ವನೇ ಬಾಯಿ ಮುಚ್ಚಿಸಿ ಕೂಡಿಸಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಒತ್ತಿದ್ದನ್ನು ರದ್ದು ಮಾಡಿದೆ. ಆ ತಾಯಿಯನ್ನು ಮನಸ್ಸಿನಲ್ಲೇ ಬೈಯುತ್ತ ಅಷ್ಟೂ ಫೋಟೊಗಳನ್ನು ಅಚ್ಚುಕಟ್ಟಾಗಿ ತಿದ್ದಿದೆ.

ಆಲ್ಬಮ್ ಕೂಡ ನಮ್ಮಲ್ಲೇ ತಯಾರಾಯಿತು. ಫೋಟೊಗ್ರಾಫರ್ ವಿಳಾಸ ಕೊಟ್ಟನೆಂದು ಅದನ್ನು ಒಯ್ಯಲು ಆ ತಾಯಿಯೇ ಸ್ಟುಡಿಯೊಗೆ ಬಂದರು. “ಚಲೋ ಬಂದಾವ,” ಎಂದು ಹಾಳೆ ತಿರುವತೊಡಗಿದರು. ನನಗೆ ತಡೆಯಲಾಗಲಿಲ್ಲ.

“ದೊಡ್ಡವ್ವ, ಅರಿಷಿಣಕ್ಕ ನನ್ನ ಕರೀಬ್ಯಾಡ ಅಂತ ನೀವ ಹೇಳಿದ್ರೇನ್ರಿ?”

ಅವರು ಆಲ್ಬಮ್ ಮುಚ್ಚಿದರು.

“ನಾ ಯಾಕ ಹೇಳ್ಲೆವಾ? ಬೀಗರೂ ಏನೂ ಅಂದಿದ್ದಿಲ್ಲ. ‘ಆಕೀನ್ನ ಬಿಟ್ಟು ಹೆಂಗ ಮಾಡೋದು’ ಅಂತ ನಾನ ಅಂದೆ. ಇಕಿ ಕೇಳಲಿಲ್ಲ. ‘ಹೊಸಾ ಸಂಸಾರ ಸುರು ಮಾಡಾಕತ್ತೀನಿ, ಆಕಿ ಕೈ ಬ್ಯಾಡವಾ’ ಅಂದ್ಲು.”

ನಾನು ಆಲ್ಬಮನ್ನು ಚೀಲಕ್ಕೆ ಹಾಕಿಕೊಟ್ಟೆ. ದೊಡ್ಡವ್ವ ನನ್ನ ತಲೆ ಸವರಿ, ಕಣ್ಣು ಒರೆಸಿಕೊಳ್ಳುತ್ತ ಹೋದರು. ಗೆಳತಿಯನ್ನು ಮನಸ್ಸಿನಲ್ಲಿ ಉಳಿಸಿಕೊಳ್ಳಲು ನಾನು ಅಷ್ಟು ದಿನ ಬೈದದ್ದು ಅವರನ್ನು. ಊರವರು ಮಾಡಿದ್ದನ್ನೆಲ್ಲ ಹೇಗೋ ನುಂಗಿಕೊಂಡಿದ್ದೇನೆ. ಇದನ್ನು ನುಂಗಲು ಇವತ್ತಿಗೂ ಆಗಿಲ್ಲ.